ಅಣ್ಣನಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು

ನನಗೆ ಎಂಟು ವರ್ಷವಾಗಿದ್ದಾಗ ಒಂದು ದಿನ ಬೆಳಿಗ್ಗೆ ನಮ್ಮ ಮನೆಯವರನ್ನೆಲ್ಲ ನಾನು ಕರೆಯುವ ರೀತಿಯೇ ಬದಲಾಯಿತು. ಅದುವರೆಗೆ ಅಪ್ಪನಾಗಿದ್ದವರು ದೊಡ್ಡಪ್ಪನಾದರು. ಅವ್ವ ದೊಡ್ಡವ್ವನಾದಳು. ಮಾದಿಹಳ್ಳಿಯಿಂದ ಬಂದಿದ್ದ ಚಿಕ್ಕಪ್ಪ ಅಪ್ಪನಾದರು, ಚಿಕ್ಕವ್ವ ಅವ್ವನಾದಳು. ನನಗಿಂತ ಆರು ವರ್ಷಕ್ಕೆ ದೊಡ್ಡವನಾದ ಅಣ್ಣ ಮಾತ್ರ ಅಣ್ಣನಾಗಿಯೇ ಉಳಿದ. ಒಡಹುಟ್ಟಿದವನೂ ಅಣ್ಣನೇ, ದೊಡ್ಡಪ್ಪನ ಮಗನೂ ಅಣ್ಣನೇ. ನಮ್ಮ ಮಾತಿನಲ್ಲಿ ಅವೆರಡಕ್ಕೆ ಬೇರೆ ಬೇರೆ ಕರೆ ಇಲ್ಲ. ಇಲ್ಲದ್ದರಿಂದ ಅದೊಂದನ್ನು ನನ್ನಿಂದ ಕಿತ್ತುಕೊಳ್ಳಲು ಯಾರಿಗೂ ಆಗಲಿಲ್ಲ.

ಚಿಕ್ಕಪ್ಪ ಮಾದಿಹಳ್ಳಿಗೆ ಮನೆಅಳಿಯನಾಗಿ ಹೋದವರು. ಚಿಕ್ಕವ್ವ ಆ ಮನೆಗೆ ಒಬ್ಬಳೇ ಮಗಳು. ಗದ್ದೆ, ತೆಂಗಿನ ತೋಟ, ಕರೆಯುವ ಹಸು ಎಲ್ಲ ಇತ್ತು; ಹುಟ್ಟಿದ ಕೂಸುಗಳು ಮಾತ್ರ ಒಂದೂ ಉಳಿದಿರಲಿಲ್ಲ. ದತ್ತು ಕೇಳಿಕೊಂಡು ಅರಸೀಕೆರೆಯ ನಮ್ಮ ಮನೆಗೆ ಬಂದರು. ಹಿರಿಮಗನನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಯಾರನ್ನು ಕೊಡಬೇಕು ಎಂಬ ಚರ್ಚೆಯೇ ಏಳಲಿಲ್ಲ. ಇದ್ದವರು ಇಬ್ಬರು, ಕಿರಿಯವನು ನಾನು.

ಪಡಸಾಲೆಯಲ್ಲಿ ಕಂಬಳಿ ಹಾಸಿ ಹಿರಿಯರು ಕೂತಿದ್ದರು. ನಮ್ಮದು ಒಕ್ಕಲುತನದ ಮನೆ. ಮಂತ್ರಕ್ಕಿಂತ ನಾಲ್ಕು ಜನ ಕಣ್ಣಾರೆ ನೋಡುವುದೇ ನಮ್ಮಲ್ಲಿ ದೊಡ್ಡದು. ಅವರ ಎದುರಿಗೆ ಹೆತ್ತಪ್ಪ ನನ್ನ ಸೊಂಟದ ಉಡಿದಾರ ಕಿತ್ತರು, ಚಿಕ್ಕಪ್ಪ ಹೊಸದು ಕಟ್ಟಿದರು. ಹಳೆಯದು ಅವ್ವ ಹೊಸೆದದ್ದು. ಅದೇ ಉಂಡೆಯ ಕಪ್ಪು ನೂಲಿನಲ್ಲಿ ಅಣ್ಣನಿಗೂ ಒಂದು ಹೊಸೆದು ಕಟ್ಟಿದ್ದಳು. ಆಮೇಲೆ ಅವಳು ನನ್ನ ಕೈ ಹಿಡಿದು ಕರೆತಂದು ಚಿಕ್ಕವ್ವನ ಮಡಿಲಲ್ಲಿ ಕೂರಿಸಿದಳು. ಎಂಟು ವರ್ಷದವನು ಮಡಿಲಲ್ಲಿ ಕೂರಬೇಕಾಯಿತಲ್ಲ ಎಂದು ನನಗೆ ನಾಚಿಕೆ. ಆ ನಾಚಿಕೆ ನೆನಪಿದೆ, ಹೊಸ ಉಡಿದಾರ ಬಿಗಿಯಾಗಿ ಒತ್ತುತ್ತಿದ್ದದ್ದು ನೆನಪಿದೆ. ದುಃಖ ನೆನಪಿಲ್ಲ. ಬಹುಶಃ ಆಗಲೇ ಇಲ್ಲ.

ಚಿಕ್ಕವ್ವ ನನ್ನನ್ನು ಹಿಡಿದುಕೊಂಡೇ ಹಿರಿಯರಿಗೆ ಒಂದು ಮಾತು ಹೇಳಿದಳು.

"ಕೊಟ್ಟ ಮ್ಯಾಲೆ ಮುಗೀತು. ಇನ್ಮ್ಯಾಕೆ ಇವ್ನು ನಮ್ಮೋನು ಅಂತ ಈ ಮನೇಲಿ ಯಾರೂ ಅನ್ನಂಗಿಲ್ಲ. ನನ್ ಮುಂದಂತೂ ಅನ್ನಬ್ಯಾಡಿ. ನಂಗೆ ತಡಕಣಕ್ಕಾಗಾಕಿಲ್ಲ."

ಹಿರಿಯರು ಅವ್ವನ ಕಡೆ ನೋಡಿದರು. "ಅನ್ನಾಕಿಲ್ಲ" ಎಂದಳು ಅವ್ವ. ಅಷ್ಟೇ ಅಂದದ್ದು. ಅವಳು ಕಡಿಮೆ ಮಾತಿನವಳು. ಆಡಿದ ಮಾತನ್ನು ಕಡೆಯವರೆಗೂ ಬಿಡುವವಳಲ್ಲ. ಅದು ಒಳ್ಳೆಯ ಗುಣ ಎಂದು ಊರೆಲ್ಲ ಹೇಳುತ್ತಿದ್ದರು.

ಮುಂದೆ ಹೇಳುವಾಗ ಗೊಂದಲವಾಗದಿರಲಿ ಎಂದು ಹೆತ್ತವಳನ್ನು ಅರಸೀಕೆರೆ ಅವ್ವ ಎಂದೂ ಸಾಕಿದವಳನ್ನು ಮಾದಿಹಳ್ಳಿ ಅವ್ವ ಎಂದೂ ಕರೆಯುತ್ತೇನೆ. ಅವರು ಬದುಕಿದ್ದಾಗ ಹಾಗೆ ಇಬ್ಬರನ್ನೂ ಅವ್ವ ಎನ್ನುವ ಧೈರ್ಯ ನನಗೆ ಇರಲಿಲ್ಲ.

ಮಾದಿಹಳ್ಳಿ ಅವ್ವ ಕೆಟ್ಟವಳಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಇಂಥ ಕತೆ ಕೇಳಿದವರು ಸಾಕಿದವಳನ್ನೇ ಬೈಯಲು ಕಾದಿರುತ್ತಾರೆ. ಅವಳು ನನಗೆ ಕೆನೆ ಮೊಸರು ಬಡಿಸಿ ತಾನು ಮಜ್ಜಿಗೆ ಕುಡಿದವಳು. ಅವಳಿಗಿದ್ದದ್ದು ಒಂದೇ ಹೆದರಿಕೆ, ನನ್ನನ್ನು ಯಾರಾದರೂ ವಾಪಸು ಕರೆದುಕೊಂಡು ಹೋಗಿಬಿಡುತ್ತಾರೆ ಎಂದು. ಹೆತ್ತ ಕೂಸುಗಳೆಲ್ಲ ಕೈಯಿಂದ ಜಾರಿಹೋದವಳಿಗೆ ಅದು ತಪ್ಪು ಎಂದು ನಾನು ಹೇಳಲಾರೆ. ಆದರೆ ಆ ಹೆದರಿಕೆಯ ಸುತ್ತ ಎರಡು ಮನೆಯವರೂ ತುದಿಗಾಲಲ್ಲಿ ಓಡಾಡಿದೆವು.

ಒಂದು ಶ್ರಾವಣದಲ್ಲಿ ಎರಡೂ ಮನೆಯವರು ಮಾಲೇಕಲ್ಲಿಗೆ ಹೋಗಿದ್ದೆವು. ಬೆಟ್ಟ ಹತ್ತಿ ದೇವರ ದರ್ಶನ ಮಾಡಿ ಇಳಿದು, ಒಂದು ಮರದ ಕೆಳಗೆ ಬುತ್ತಿ ಬಿಚ್ಚಿದರು. ಅರಸೀಕೆರೆ ಅವ್ವ ಮೊಸರನ್ನ ಕಲಸಿ ಎಲ್ಲರ ಕೈಗೂ ಒಂದೊಂದು ತುತ್ತು ಹಾಕುತ್ತಾ ಬಂದಳು. ಅಣ್ಣನಿಗೆ ಹಾಕಿದಳು. ಅವನ ಪಕ್ಕದಲ್ಲಿ ನಾನಿದ್ದೆ. ಅವಳ ಕೈ ರೂಢಿಯಿಂದ ನನ್ನ ಬಾಯಿಗೇ ಬಂದುಬಿಟ್ಟಿತು. ನಾನು ಬಾಯಿ ತೆರೆದೆ. ಮಾದಿಹಳ್ಳಿ ಅವ್ವ ಕೂತಲ್ಲಿಂದ ಎದ್ದು ಗಾಡಿ ಬಿಟ್ಟಿದ್ದ ಕಡೆಗೆ ನಡೆದುಹೋದಳು. ಆ ದಿನ ಅವಳು ಉಣ್ಣಲಿಲ್ಲ. ಅಲ್ಲಿಂದಾಚೆಗೆ ಅರಸೀಕೆರೆ ಅವ್ವ ನನಗೆ ಬಡಿಸುವಾಗ ಸೌಟು ಹಿಡಿದೇ ಬಡಿಸುತ್ತಿದ್ದಳು, ಮನೆಗೆ ಬಂದ ಬೇರೆಯವರ ಮಕ್ಕಳಿಗೆ ಬಡಿಸುವ ಹಾಗೆ. ನನ್ನನ್ನು "ಏನಪ್ಪಾ" ಎಂದು ಕರೆಯತೊಡಗಿದಳು. ಮಗ ಎಂಬುದು ಅವಳ ಬಾಯಿಂದ ಮತ್ತೆ ಬರಲಿಲ್ಲ.

ಅಣ್ಣ ಮಾತ್ರ "ಏನ್ಲಾ ತಮ್ಮಾ" ಎನ್ನುತ್ತಿದ್ದ. ಅದನ್ನು ಮಾದಿಹಳ್ಳಿ ಅವ್ವನ ಎದುರಿಗೇ ಅನ್ನುತ್ತಿದ್ದ, ಅವಳು ಮುಖ ಗಂಟು ಹಾಕುತ್ತಿರಲಿಲ್ಲ. ಹಾಕಲು ಕಾರಣವಿರಲಿಲ್ಲ. ದೊಡ್ಡಪ್ಪನ ಮಗ ತಮ್ಮಾ ಎನ್ನದೆ ಇನ್ನೇನು ಅಂದಾನು? ಎರಡು ಮನೆಗಳ ನಡುವೆ ಯಾರ ಅಪ್ಪಣೆಯೂ ಬೇಡದೆ ಓಡಾಡುತ್ತಿದ್ದ ಮಾತು ಅದೊಂದೇ. ನಾನು ಅದರ ಮೇಲೆ ಬಹಳ ಭಾರ ಹಾಕಿದ್ದೆ ಎಂದು ಈಗ ಅನ್ನಿಸುತ್ತದೆ.

ಮಾದಿಹಳ್ಳಿಗೆ ಹತ್ತಿರದ ಹಳೇಬೀಡಿನಲ್ಲಿ ಕನ್ನಡ ಶಾಲೆ ಮುಗಿದ ಮೇಲೆ ನನ್ನನ್ನು ಬೇಲೂರಿನ ಮಿಡ್ಲ್ ಸ್ಕೂಲಿಗೆ ಹಾಕಿದರು. ಅಲ್ಲಿ ನೆಂಟರ ಮನೆಯಲ್ಲಿ ಊಟ, ನೆಂಟರ ಮನೆಯ ಜಗುಲಿಯಲ್ಲಿ ನಿದ್ದೆ. ಇಂಗ್ಲಿಷ್ ಶುರುವಾದದ್ದು ಅಲ್ಲಿಯೇ. ನಮ್ಮ ಇಂಗ್ಲಿಷ್ ಮೇಷ್ಟ್ರು ಮುಚ್ಚು ಕೋಟು, ರುಮಾಲು ಇಲ್ಲದೆ ಬಾಗಿಲು ದಾಟುತ್ತಿರಲಿಲ್ಲ. ಎಲ್ಲವೂ ಕರಾರುವಾಕ್ಕಾಗಿರಬೇಕು. ಚಾಕ್‌ಪೀಸು ಮುರಿದರೆ ಎರಡು ತುಂಡೂ ಡಬ್ಬಿಗೆ ವಾಪಸಾಗಬೇಕು.

ಅವರು ಮನೆಯವರ ಬಗ್ಗೆ ಮಾತಾಡುವುದನ್ನು ಕಲಿಸಲು ಹಿಡಿದರು. ಫಾದರ್, ಮದರ್ ಸುಲಭವಾಗಿ ಮುಗಿಯಿತು. ಬ್ರದರ್‌ಗೆ ಬಂದಾಗ ಕ್ಲಾಸು ನಿಂತೇ ಹೋಯಿತು. ಬ್ರದರ್ ಎಂದರೆ ಅಣ್ಣನೋ ತಮ್ಮನೋ ಎಂದು ಒಬ್ಬ ಕೇಳಿದ. ಎರಡೂ ಎಂದರು ಮೇಷ್ಟ್ರು. ಅದು ಹೇಗೆ ಎರಡೂ ಆಗುತ್ತದೆ ಎಂದು ನಮಗೆ ತಿಳಿಯಲಿಲ್ಲ. ಅಣ್ಣನ ಮಾತು ಕೇಳಬೇಕು, ತಮ್ಮನಿಗೆ ಮಾತು ಹೇಳಬೇಕು. ಎರಡಕ್ಕೂ ಒಂದೇ ಹೆಸರಿಟ್ಟುಕೊಂಡರೆ ಆ ಜನರ ಮನೆ ನಡೆಯುವುದು ಹೇಗೆ? ಅದಕ್ಕೇ ಎಲ್ಡರ್, ಯಂಗರ್ ಎಂದು ಮುಂದೆ ಸೇರಿಸುತ್ತಾರೆ ಎಂದರು. ಆಮೇಲೆ ಬ್ರದರ್-ಇನ್-ಲಾ ಬಂತು. ನಮ್ಮಲ್ಲಿ ಭಾವ ಬೇರೆ, ಮೈದುನ ಬೇರೆ, ಷಡ್ಡಕ ಬೇರೆ. ಒಬ್ಬೊಬ್ಬರ ಎದುರು ಕೂರುವ ರೀತಿಯೇ ಬೇರೆ. ಅವರನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟಿ ಬ್ರದರ್-ಇನ್-ಲಾ ಎಂದುಬಿಡುತ್ತಾರೆ. ಅಷ್ಟು ಸಡಿಲವಾಗಿರುವ ಜನ ದೊಡ್ಡಪ್ಪನ ಮಗನ ವಿಷಯಕ್ಕೆ ಬಂದಾಗ ಮಾತ್ರ ಅಕ್ಕಸಾಲಿಗನ ತಕ್ಕಡಿ ಹಿಡಿದು ಕೂರುತ್ತಾರೆ ಎಂದು ನನಗೆ ಆ ದಿನ ಗೊತ್ತಾಯಿತು.

ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಾ ಬಂದರು. ಹೌ ಮೆನಿ ಬ್ರದರ್ಸ್ ಹ್ಯಾವ್ ಯು? ನನ್ನ ಸರದಿ ಬಂತು. ನಾನು ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡಿದ್ದೆ. "ಐ ಹ್ಯಾವ್ ಒನ್ ಎಲ್ಡರ್ ಬ್ರದರ್" ಎಂದೆ.

ಹಿಂದಿನ ಸಾಲಿನಲ್ಲಿ ಹಳೇಬೀಡಿನ ಹುಡುಗನೊಬ್ಬನಿದ್ದ. ಅವನ ಮನೆಗೂ ನಮ್ಮ ಮನೆಗೂ ಹೋಗುಬರುವುದಿತ್ತು.

"ಅಲ್ಲ ಸಾರ್. ಇವ್ನು ದತ್ತು ಬಂದೋನು. ಅದು ಇವ್ನ ದೊಡ್ಡಪ್ಪನ ಮಗ."

"ಹೌದೇನೋ?" ಎಂದು ಮೇಷ್ಟ್ರು ನನ್ನನ್ನು ಕೇಳಿದರು.

"ಹೌದು ಸಾರ್."

"ಹಾಗಾದರೆ ಬ್ರದರ್ ಅಲ್ಲ. ಕಸಿನ್."

"ಮೊದಲು ಒಡಹುಟ್ಟಿದೋನೇ ಸಾರ್."

"ಮೊದಲಿನದು ನಾನು ಕೇಳಲಿಲ್ಲ. ಈಗ ಏನಿದೆಯೋ ಅದನ್ನು ಹೇಳಬೇಕು. ಇಂಗ್ಲಿಷಿನಲ್ಲಿ ಸುಳ್ಳು ಹೇಳಬಾರದು ಕಣೋ."

ಕನ್ನಡದಲ್ಲಾದರೆ ಹೇಳಬಹುದು ಎಂದು ಅವರ ಅಭಿಪ್ರಾಯವಿತ್ತೋ ಏನೋ. ಬೋರ್ಡಿನ ಮೇಲೆ ಬರೆದರು. ಐ ಹ್ಯಾವ್ ನೋ ಬ್ರದರ್ಸ್. ಐ ಹ್ಯಾವ್ ಒನ್ ಕಸಿನ್. ನನ್ನಿಂದ ಹೇಳಿಸಿದರು. ಆಮೇಲೆ ಹೊಸ ಪದ ಎಲ್ಲರಿಗೂ ಬರಲಿ ಎಂದು ಇಡೀ ಕ್ಲಾಸಿನಿಂದ ಹೇಳಿಸಿದರು. ಮನೆ ತುಂಬ ಅಣ್ಣತಮ್ಮಂದಿರಿದ್ದ ಹುಡುಗರೆಲ್ಲ ತಮಗೆ ಅಣ್ಣತಮ್ಮಂದಿರಿಲ್ಲ ಎಂದು ಗಟ್ಟಿಯಾಗಿ ಕೂಗಿದರು. ನಾನೂ ಕೂಗಿದೆ. ನನಗೆ ಅವಮಾನವಾಗಲಿಲ್ಲ, ಸಿಟ್ಟೂ ಬರಲಿಲ್ಲ. ತಣ್ಣೀರಿನಲ್ಲಿ ಬಹಳ ಹೊತ್ತು ನಿಂತರೆ ಕಾಲು ತನ್ನದಲ್ಲ ಅನ್ನಿಸುತ್ತದಲ್ಲ, ಹಾಗೆ ಇತ್ತು. ಸ್ಕೂಲು ಬಿಟ್ಟ ಮೇಲೆ ನೆಂಟರ ಮನೆಗೆ ಹೋಗಿ ರೊಟ್ಟಿ ತಿಂದೆ.

ಬೇಸಿಗೆ ರಜದಲ್ಲಿ ಅರಸೀಕೆರೆಗೆ ಹೋದಾಗ ಅಣ್ಣನಿಗೆ ಇದನ್ನು ಹೇಳಿದೆ. ಆ ಹೊತ್ತಿಗೆ ಅವನು ರೈಲ್ವೆ ಸೇರಿದ್ದ. ಎಂಜಿನ್ ಷೆಡ್ಡಿನಲ್ಲಿ ಕ್ಲೀನರ್ ಕೆಲಸ. ಎಣ್ಣೆ ಬಟ್ಟೆ ಹಿಡಿದು ಎಂಜಿನ್ ಒರೆಸುವುದು, ಬೂದಿ ಬಳಿಯುವುದು. ಇಂಗ್ಲಿಷನ್ನು ಅವನು ಕಲಿತದ್ದು ಬೋರ್ಡಿನ ಮೇಲಲ್ಲ. ಅಲ್ಲಿ ಒಬ್ಬ ಆಂಗ್ಲೋ-ಇಂಡಿಯನ್ ಡ್ರೈವರಿದ್ದ. ದಪ್ಪ ಮನುಷ್ಯ, ಬಾಯಿ ಬಡಾಯಿ, ಒಳ್ಳೆಯವನು. ಅವನಿಗೆ ಒಂದು ಪಟಾಲಂ ಅಣ್ಣತಮ್ಮಂದಿರು. ಮೂರು ಹೊತ್ತೂ ಅವರದ್ದೇ ಸುದ್ದಿ. ಹಡಗಿನಲ್ಲಿ ಕೆಲಸ ಮಾಡುವವನು ಬಿಗ್ ಬ್ರದರ್, ಬೆಂಗಳೂರಿನಲ್ಲಿ ಇರುವವನು ಕಿಡ್ ಬ್ರದರ್, ಎಲ್ಲರಿಗಿಂತ ಚಿಕ್ಕವನು ತಲೆ ನರೆತಿದ್ದರೂ ಬೇಬಿ ಬ್ರದರ್. ಒಬ್ಬನ ಜೊತೆ ಮಾತಿಲ್ಲ, ಅವನನ್ನು ಮಾತ್ರ ಮೈ ಮದರ್ಸ್ ಸನ್ ಎನ್ನುತ್ತಿದ್ದನಂತೆ. ಅಣ್ಣ ಇದನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದ.

"ಯಾವನ್ಲಾ ನಿಮ್ ಮೇಷ್ಟ್ರು? ಕಸಿನ್ನಂತೆ ಕಸಿನ್ನು," ಎಂದ. "ನಡಿ, ತೋರುಸ್ತೀನಿ."

ಷೆಡ್ಡಿಗೆ ಕರೆದುಕೊಂಡು ಹೋದ. ಡ್ರೈವರು ಕಬ್ಬಿಣದ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದ. ಅಣ್ಣ ನನ್ನ ಹೆಗಲ ಮೇಲೆ ಎಣ್ಣೆ ಕೈ ಇಟ್ಟು, "ಮೈ ಕಿಡ್ ಬ್ರದರ್ ಸರ್" ಎಂದ. ಕಿಡ್ ಎಂದರೆ ಮೇಕೆಮರಿ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಆದರೂ ಆ ಮಾತು ನನಗೆ ಹಿಡಿಸಿತು. ಡ್ರೈವರು ನಮ್ಮಿಬ್ಬರ ಮುಖವನ್ನೂ ನೋಡಿ ನಕ್ಕ. "ಹಿ ಟೇಕ್ಸ್ ಆಫ್ಟರ್ ಯು" ಎಂದ. ನೋಡಲು ನಿನ್ನ ಹಾಗೇ ಇದ್ದಾನೆ ಎಂದು ಅರ್ಥ ಎಂದು ಅಣ್ಣ ಆಮೇಲೆ ಹೇಳಿದ. ನನ್ನ ಅಂಗಿಯ ಹೆಗಲಿಗೆ ಅವನ ನಾಲ್ಕು ಬೆರಳಿನ ಎಣ್ಣೆ ಕಲೆ ಹತ್ತಿತ್ತು. ಮಾದಿಹಳ್ಳಿ ಅವ್ವ ಸೀಗೆಕಾಯಿ ಹಾಕಿ ಉಜ್ಜಿದರೂ ಅದು ಹೋಗಲಿಲ್ಲ.

ಬೇಲೂರಿನಲ್ಲಿ ಕಸಿನ್, ಅರಸೀಕೆರೆಯಲ್ಲಿ ಕಿಡ್ ಬ್ರದರ್. ನಾನು ಯಾವ ಊರಿನ ಇಂಗ್ಲಿಷನ್ನು ನಂಬಿದೆ ಎಂದು ಹೇಳಬೇಕಾಗಿಲ್ಲ. ಮುಂದೆ ಅಣ್ಣ ಬರೆದರೆ, ಹೇಳಿ ಕಳಿಸಿದರೆ, ಯಾರ ಕೈಯಲ್ಲಾದರೂ ಕೊಬ್ಬರಿ ಮಿಠಾಯಿ ಕೊಟ್ಟು ಕಳಿಸಿದರೆ ಅದು ಕಿಡ್ ಬ್ರದರ್‌ಗೆ. ತಮಾಷೆಯ ಮಾತಾಗಿ ಶುರುವಾದದ್ದು ಹಾಗೆಯೇ ಉಳಿದುಕೊಂಡಿತು. ನನಗೆ ಮೀಸೆ ಬಂತು, ಓದು ನಿಂತಿತು, ಮಾದಿಹಳ್ಳಿಯ ಗದ್ದೆ ನೋಡಿಕೊಳ್ಳುವವನಾದೆ. ಅವನು ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ಅದೇ ಡ್ರೈವರಿನ ಜೊತೆ ಎಂಜಿನ್ ಹತ್ತಿದ. ಆದರೂ ನಾನು ಕಿಡ್ ಬ್ರದರ್.

ನಡುವೆ ಹೆತ್ತಪ್ಪ ತೀರಿಕೊಂಡರು. ಅದರಲ್ಲಿ ತೊಡಕೇನೂ ಇರಲಿಲ್ಲ. ನಮ್ಮಲ್ಲಿ ತಂದೆಗೆ ಹಿರಿಮಗ ಬೆಂಕಿ ಹಿಡಿಯುವುದು, ತಾಯಿಗೆ ಕಿರಿಮಗ. ಅಣ್ಣ ತಲೆ ಬೋಳಿಸಿಕೊಂಡು ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ನಾನು ದೊಡ್ಡಪ್ಪ ಸತ್ತರೆ ತಮ್ಮನ ಮಗ ಎಲ್ಲಿರಬೇಕೋ ಅಲ್ಲಿದ್ದೆ, ದಾಯಾದಿಗಳ ಗುಂಪಿನಲ್ಲಿ. ಮಾದಿಹಳ್ಳಿ ಅವ್ವ ದೂರದಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅಳಲಿಲ್ಲ. ಅವಳಿಗೆ ಸಮಾಧಾನವಾಗಲಿ ಎಂದೇನೂ ಅಲ್ಲ, ಬರಲಿಲ್ಲ, ಅಷ್ಟೆ.

ಆ ದಿನದಿಂದ ನನಗೆ ಒಂದು ಯೋಚನೆ ಹಿಡಿಯಿತು. ಅರಸೀಕೆರೆ ಅವ್ವ ಹೋದ ದಿನ ಬೆಂಕಿ ಯಾರು ಹಿಡಿಯಬೇಕು? ಕಿರಿಮಗ ನಾನು. ಕಿರಿಮಗನೂ ಅಲ್ಲ, ಮಗನೇ ಅಲ್ಲ. ಗದ್ದೆಯ ಬದುವಿನ ಮೇಲೆ ನಿಂತು ನೀರು ತಿರುಗಿಸುವಾಗ, ಹಸುವಿನ ಕೊರಳ ಹಗ್ಗ ಬಿಚ್ಚುವಾಗ, ಇದೇ ಯೋಚನೆ. ನನಗೆ ಬೇರೆ ಏನೂ ಬೇಕಾಗಿರಲಿಲ್ಲ. ಅರಸೀಕೆರೆ ಮನೆಯ ತೋಟವಾಗಲಿ ಹೊಲವಾಗಲಿ ಬೇಡ. ಅವಳನ್ನು ಒಂದು ದಿನ, ಎಲ್ಲರ ಎದುರಿಗೆ, ನನ್ನವ್ವ ಎನ್ನಬೇಕಾಗಿತ್ತು. ಬೆಂಕಿ ಹಿಡಿದರೆ ಬಾಯಿಬಿಟ್ಟು ಹೇಳದೆಯೇ ಅದು ಹೇಳಿದ ಹಾಗೆ ಆಗುತ್ತಿತ್ತು.

ಯುದ್ಧದ ಕಾಲದಲ್ಲಿ ಅವಳು ಹಾಸಿಗೆ ಹಿಡಿದಳು. ಬಸ್ಸುಗಳಿಗೆ ಪೆಟ್ರೋಲ್ ಇಲ್ಲದೆ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದ ದಿನಗಳು. ಅಣ್ಣನಿಗೆ ಬಿಡುವಿರಲಿಲ್ಲ, ಅರಸೀಕೆರೆ ಮೇಲೆ ಸಿಪಾಯಿಗಳನ್ನು ತುಂಬಿಕೊಂಡ ರೈಲುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಡ್ಯೂಟಿ ಮುಗಿಸಿ ಬಂದು ಅವನೇ ಅವ್ವನಿಗೆ ಗಂಜಿ ಕುಡಿಸುತ್ತಿದ್ದ. ನಾನು ಆಗಾಗ ಹೋಗಿ ಪಕ್ಕದಲ್ಲಿ ಕೂತು ಬರುತ್ತಿದ್ದೆ. "ಬಂದ್ಯೇನಪ್ಪಾ. ಮನೇಲಿ ಎಲ್ಲಾ ಸಂದಾಕವ್ರಾ? ನಿಮ್ಮವ್ವ ಸಂದಾಕವ್ಳಾ?" ಎಂದು ಕೇಳುತ್ತಿದ್ದಳು. ಸಂದಾಕವ್ಳೆ ದೊಡ್ಡವ್ವ ಎನ್ನುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಅರಸೀಕೆರೆಯಿಂದ ಆಳು ಬಂದು ಅವ್ವ ಹೋದ ಸುದ್ದಿ ಹೇಳಿದ. ನಾನು, ಮಾದಿಹಳ್ಳಿ ಅಪ್ಪ, ಮಾದಿಹಳ್ಳಿ ಅವ್ವ ಮೂವರೂ ಹೊರಟೆವು. ಹಳೇಬೀಡಿನಲ್ಲಿ ಬಸ್ಸಿಗೆ ಕಾದು ಹತ್ತಿದೆವು. ಜಾವಗಲ್ಲಿನ ಹತ್ತಿರ ಏರು ಬಂದಾಗ ಬಸ್ಸು ನಿಂತಿತು. ಎಲ್ಲರೂ ಇಳಿದೆವು, ಕಂಡಕ್ಟರು ಒಲೆಗೆ ಗಾಳಿ ಹಾಕತೊಡಗಿದ. ನಾನು ರಸ್ತೆಯ ಪಕ್ಕದಲ್ಲಿ ನಿಂತು, ಅಣ್ಣನನ್ನು ಹೇಗೆ ಕೇಳಬೇಕು ಎಂದು ಮಾತು ಜೋಡಿಸುತ್ತಿದ್ದೆ. ಮಾದಿಹಳ್ಳಿ ಅವ್ವ ಒಂದು ಕಲ್ಲಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ವಾರಗಿತ್ತಿಗಾಗಿ ಅಳುತ್ತಿದ್ದಳೋ, ಅರಸೀಕೆರೆಯಲ್ಲಿ ನಾನು ಏನು ಮಾಡಿಬಿಡುತ್ತೇನೋ ಎಂದು ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ.

ನಾವು ಹೋಗುವ ಹೊತ್ತಿಗೆ ಅವ್ವನನ್ನು ಸ್ನಾನ ಮಾಡಿಸಿ ಅಂಗಳದಲ್ಲಿ ಮಲಗಿಸಿದ್ದರು. ಹಣೆಗೆ ವಿಭೂತಿ ಹಚ್ಚಿದ್ದರು. ಹಿರಿಯರು ಜಗುಲಿಯ ಮೇಲಿದ್ದರು. ನನ್ನನ್ನು ಕಂಡು ಅವರಲ್ಲೊಬ್ಬ ಮುದುಕರು, ದತ್ತು ಕೊಟ್ಟ ದಿನವೂ ಕಂಬಳಿಯ ಮೇಲೆ ಕೂತಿದ್ದವರು, ಗಂಟಲು ಸರಿಮಾಡಿಕೊಂಡರು.

"ತಾಯಿ ಬೆಂಕಿ ಕಿರೀಮಗಂದು. ಇವ್ನು ಬಂದವ್ನೆ. ಏನಂತೀರ್ರಪ್ಪಾ?"

ಎಲ್ಲರೂ ಮಾದಿಹಳ್ಳಿ ಅವ್ವನ ಕಡೆ ನೋಡಿದರು. ಸಾಕಿದ ತಾಯಿ ಬದುಕಿರುವಾಗ ತಾಯಿಗೆಂದು ತಲೆ ಬೋಳಿಸಿಕೊಂಡರೆ ಅದು ಅವಳಿಗೇ ಕೇಡು ಬಯಸಿದ ಹಾಗೆ ಎಂಬುದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಅವಳು ಬಾಗಿಲ ಕಂಬ ಹಿಡಿದು ನಿಂತಿದ್ದಳು. ಬೇಡ ಅನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ.

ನಾನು ಅಣ್ಣನ ಹತ್ತಿರ ಹೋದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಯಾವುದೂ ಬರಲಿಲ್ಲ.

"ಅಣ್ಣಾ, ನಾನು ಹಿಡೀಲಾ?"

ಅಣ್ಣ ನನ್ನ ತೋಳು ಹಿಡಿದು ಕೊಟ್ಟಿಗೆಯ ಪಕ್ಕಕ್ಕೆ ಕರೆದುಕೊಂಡು ಹೋದ. ಅವನ ಕಣ್ಣು ಕೆಂಪಾಗಿತ್ತು. ಎಂಜಿನ್ನಿನ ಬೆಂಕಿಯ ಮುಂದೆ ನಿಂತು ನಿಂತು ಯಾವಾಗಲೂ ಕೆಂಪಗೇ ಇರುತ್ತಿತ್ತು.

"ಬ್ಯಾಡ ಕಣ್ಲಾ," ಎಂದ. "ನಾನಂತಿರಾದಲ್ಲ. ಅವ್ವನೇ ಯೋಳಿ ಹೋಗವ್ಳೆ. ಬೆಂಕಿ ನೀನೇ ಹಿಡಿ, ಅವನ ಕೈಲಿ ಬ್ಯಾಡ ಅಂದ್ಲು. ಕೊಟ್ಟಿದ್ದು ಕೊಟ್ಟಂಗೇ ಇರ್ಲಿ, ಅವನ್ನ ನಮ್ಮೋನು ಅಂತ ನಾನ್ ಸತ್ತ ದಿನಾನೂ ಅನ್ನಬ್ಯಾಡಿ, ಮಾದಿಹಳ್ಳಿಯೋಳ ಹೊಟ್ಟೆ ಉರಿಸಬ್ಯಾಡಿ ಅಂದ್ಲು. ನನ್ ಕೈಲಿ ಆಣೆ ಹಾಕಿಸ್ಕಂಡ್ಲು."

"ನನ್ನ ಬಗ್ಗೆ ಇನ್ನೇನಾದ್ರೂ ಅಂದ್ಲಾ?"

ಅಣ್ಣ ಕೊಟ್ಟಿಗೆಯ ಒಳಗೆ ನೋಡಿದ. "ಇಲ್ಲ" ಎಂದ.

ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಏನಾದರೊಂದು ಕಟ್ಟಿ ಹೇಳಬಹುದಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆಗ ಮಾತ್ರ ಏನೂ ಅನ್ನಿಸಲಿಲ್ಲ. ಆಗಲಿ ಎಂದೆ. ಅಂಗಳಕ್ಕೆ ವಾಪಸು ಬಂದು ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದವರಿಗೆ ಹಗ್ಗ ಹಿಡಿದುಕೊಂಡೆ. ಹಗ್ಗ ಬಿಗಿಯಾಗಿ ಬರಬೇಕು, ಕೈ ಅದರಲ್ಲೇ ಇತ್ತು. ಅಣ್ಣ ಬಾವಿಯ ಹತ್ತಿರ ಕೂತು ತಲೆ ಬೋಳಿಸಿಕೊಂಡ.

ಹೊರಡುವ ಹೊತ್ತಿಗೆ ಡ್ರೈವರು ಬಂದ. ಷೆಡ್ಡಿನಿಂದ ಹಾಗೇ ಬಂದಿದ್ದ, ಮೈಮೇಲೆ ನೀಲಿ ಕೆಲಸದ ಬಟ್ಟೆ. ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡು ಅವ್ವನ ಮುಂದೆ ನಿಂತ. ಅವನು ವಯಸ್ಸಾಗಿ ಇಳಿದುಹೋಗಿದ್ದ. ಅಣ್ಣನ ಭುಜ ತಟ್ಟಿ ಸಾರಿ, ಸಾರಿ ಎಂದ. ಆಮೇಲೆ ಅವನ ಕಣ್ಣು ನನ್ನ ಮೇಲೆ ಬಿತ್ತು. ಅವನು ನನ್ನನ್ನು ನೋಡಿ ವರ್ಷಗಳಾಗಿದ್ದವು. ಆದರೆ ಎಂಜಿನ್ನಿನ ಮೇಲೆ ಅಣ್ಣನ ಬಾಯಿಂದ ನನ್ನ ಸುದ್ದಿ ಎಷ್ಟು ಕೇಳಿದ್ದನೋ.

"ದಿಸ್ ಈಸ್ ಯುವರ್ ಕಿಡ್ ಬ್ರದರ್?" ಎಂದು ಕೇಳಿದ.

ಆ ಅಂಗಳದಲ್ಲಿ ಆ ಮಾತು ಅರ್ಥವಾಗುತ್ತಿದ್ದವರು ಅವನು, ಅಣ್ಣ, ನಾನು. ಅಣ್ಣ ಏನು ಹೇಳಿದ್ದರೂ ಮಾದಿಹಳ್ಳಿ ಅವ್ವನಿಗೆ ತಿಳಿಯುತ್ತಿರಲಿಲ್ಲ, ಜಗುಲಿಯ ಮೇಲಿನ ಹಿರಿಯರಿಗೆ ತಿಳಿಯುತ್ತಿರಲಿಲ್ಲ. ಯೆಸ್ ಸರ್ ಎಂದರೆ ಮುಗಿಯುತ್ತಿತ್ತು. ನಾನು ಅದನ್ನೇ ಕಾಯುತ್ತಿದ್ದೆ ಎಂಬುದು ನನಗೇ ಆಗ ಗೊತ್ತಾಯಿತು. ಅಣ್ಣ ನನ್ನನ್ನು ನೋಡಲಿಲ್ಲ. ಚಟ್ಟದ ಮೇಲೆ ಮಲಗಿದ್ದ ಅವ್ವನ ಮುಖ ನೋಡಿದ.

"ನೋ ಸರ್," ಎಂದ. "ಕಸಿನ್."

ಡ್ರೈವರು ಅವನ ಮುಖ ನೋಡಿದ, ನನ್ನ ಮುಖ ನೋಡಿದ. "ಐ ಸೀ" ಎಂದು ಹಿಂದಕ್ಕೆ ಸರಿದು ಗೋಡೆಯ ಹತ್ತಿರ ನಿಂತುಕೊಂಡ. ಅಣ್ಣ ಬಗ್ಗಿ ಬೆಂಕಿಯ ಮಡಕೆ ಎತ್ತಿಕೊಂಡ. ತಮಟೆ ಶುರುವಾಯಿತು. ಚಟ್ಟಕ್ಕೆ ಹೆಗಲು ಕೊಡಲು ಎಂದು ನಾನು ಮುಂದೆ ಹೋಗುವಷ್ಟರಲ್ಲಿ ಮಾದಿಹಳ್ಳಿ ಅವ್ವ ಬಾಗಿಲಿಂದ ಬಂದು ನನ್ನ ಅಂಗಿಯ ತೋಳು ಹಿಡಿದಳು. ಚಟ್ಟ ಎತ್ತಿದರು. ನನ್ನ ಜಾಗಕ್ಕೆ ಬೇರೆ ಯಾರೋ ಹೆಗಲು ಕೊಟ್ಟರು.

"ಆ ದೊರೆ ನಿನ್ನೇ ನೋಡ್ಕಂಡು ಏನೋ ಕೇಳ್ದ. ಏನದು?"

"ನಾನು ಯಾರು ಅಂತ ಕೇಳ್ದ ಕಣವ್ವ."

"ನಿಮ್ಮಣ್ಣ ಏನಂದ?"

ಕಸಿನ್ ಎಂಬುದನ್ನು ಅವಳಿಗೆ ನಮ್ಮ ಮಾತಿನಲ್ಲಿ ಹೇಳಲು ನನ್ನ ಹತ್ತಿರ ಇದ್ದದ್ದು ಒಂದೇ ಮಾತು.

"ತಮ್ಮ ಅಂದ" ಎಂದೆ.

ಅವಳು ನನ್ನ ತೋಳು ಬಿಡಲಿಲ್ಲ. ಚಟ್ಟ ಬಾಗಿಲು ದಾಟಿ ಬೀದಿಗೆ ಇಳಿಯುವುದನ್ನು ನೋಡುತ್ತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಆಮೇಲೆ ಸೆರಗು ತೆಗೆದಳು.

"ಅನ್ಲಿ ಬುಡು ಮಗಾ," ಎಂದಳು. "ಇವತ್ತೊಂದಿನ ಒಡಹುಟ್ಟಿದೋನು ಅಂತಾನೇ ಅನ್ಲಿ. ನಾನೇನೂ ಅನ್ನಾಕಿಲ್ಲ. ಓಗು, ನೀನೂ ಬೆಂಕಿಗೆ ಕೈ ಕೊಡು. ನಿಮ್ಮವ್ವ ಅಲ್ವಾ."

ನಾನು ಬೀದಿಗೆ ಬಂದೆ. ಅಣ್ಣ ಮಡಕೆ ಹಿಡಿದು ಬಹಳ ಮುಂದೆ ಹೋಗಿಬಿಟ್ಟಿದ್ದ. ಅವನ ಬೋಳುತಲೆ ಮಾತ್ರ ಜನರ ನಡುವೆ ಕಾಣುತ್ತಿತ್ತು. ಕೂಗಿದ್ದರೆ ಕೇಳಿಸುತ್ತಿತ್ತು. ಆದರೆ ಅವನು ಆಣೆ ಹಾಕಿದ್ದು ಇವಳಿಗಲ್ಲ, ಚಟ್ಟದ ಮೇಲೆ ಹೋಗುತ್ತಿದ್ದವಳಿಗೆ. ನಾನು ನಡೆದುಕೊಂಡು ಹೋಗಿ ದಾಯಾದಿಗಳ ಗುಂಪು ಸೇರಿಕೊಂಡೆ.